ಆರ್ಡರ್ ಕೊಟ್ಟ ಅಂತ ಸಾಬೀತಾಗ್ಲಿಲ್ಲ, ಆದ್ರೂ ನೇಣು: ಜನರಲ್ ಯಮಾಶಿತ ಪ್ರಕರಣ

ಶುರು ಮಾಡೋಕೆ ಮುಂಚೆ ಒಂದು ಮಾತು. ಪ್ರಕರಣ ಅಧ್ಯಯನ ಅಂದ್ಮೇಲೆ ಹೆಸರು ಮುಚ್ಚಿಟ್ಟು ಬರಿಯೋದು ರೂಢಿ, ಆದ್ರೆ ಎರಡನೇ ಮಹಾಯುದ್ಧದ ಈ ಜಪಾನಿ ಜನರಲ್ ಹೆಸರು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ತಲೆ ಮೇಲೇ ಇದೆ, ಮುಚ್ಚಿ ಏನೂ ಪ್ರಯೋಜನ ಇಲ್ಲ. ಹಾಗಾಗಿ ಸೇನಾಧಿಕಾರಿಗಳು, ಜಡ್ಜ್‌ಗಳು ಇವರ ಹೆಸರು ಹಾಗೇ ಇಟ್ಟಿದ್ದೀನಿ. ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದಲ್ಲಿ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಸಾಮಾನ್ಯ ಜನರ ಹೆಸರು ಮಾತ್ರ ಎಲ್ಲೂ ಹಾಕಿಲ್ಲ. ಇನ್ನೊಂದು, ನಾನು ಲಾಯರ್ ಅಲ್ಲ, ಈ ಕೇಸ್ ಓದ್ತಾ ಓದ್ತಾ ನನ್ನ ಅಭಿಪ್ರಾಯ ಎರಡು ಮೂರು ಸಲ ಮಗುಚಿ ಬಿದ್ದಿದೆ, ಅದಕ್ಕೇ ಬರೀಬೇಕು ಅನ್ನಿಸ್ತು.

ತೊಮೊಯುಕಿ ಯಮಾಶಿತ, 1885ರಲ್ಲಿ ಶಿಕೋಕು ದ್ವೀಪದ ಒಂದು ಹಳ್ಳಿಲಿ ಹುಟ್ಟಿದ್ದು, ಅಪ್ಪ ಡಾಕ್ಟರ್. ಪ್ರಪಂಚಕ್ಕೆಲ್ಲ ಗೊತ್ತಾಗಿದ್ದು 1942ರ ಫೆಬ್ರವರಿ 15ಕ್ಕೆ. ಮಲಯಾದಲ್ಲಿ ಉತ್ತರದಿಂದ ಇಳ್ಕೊಂಡು ಬಂದು ಎಪ್ಪತ್ತು ದಿನದಲ್ಲಿ ಸಿಂಗಾಪುರ ಹಿಡಿದ, ಬುಕಿತ್ ತಿಮಾದ ಫೋರ್ಡ್ ಫ್ಯಾಕ್ಟರಿಲಿ ಮೇಜಿನ ಆಚೆ ಕೂತಿದ್ದ ಬ್ರಿಟಿಷ್ ಜನರಲ್ ಪರ್ಸಿವಲ್ ಕೈಲಿ ಶರಣಾಗತಿಗೆ ಸೈನ್ ಹಾಕಿಸ್ದ, ಅಲ್ಲಿಂದ ಈತನಿಗೆ 'ಮಲಯಾದ ಹುಲಿ' ಅಂತ ಹೆಸರು ಬಿತ್ತು. ಆಗ ಸೆರೆ ಸಿಕ್ಕವರಲ್ಲಿ ಭಾರತದ ಸೈನಿಕರೂ ಹತ್ತಾರು ಸಾವಿರ ಜನ, ಅವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಮೈಸೂರು ಇನ್‌ಫೆಂಟ್ರಿ ಬೆಟಾಲಿಯನ್ನಿನವರೂ ಇದ್ರು. ಇಷ್ಟು ದೊಡ್ಡ ಗೆಲುವಿನ ಬಹುಮಾನ ಏನಪ್ಪಾ ಅಂದ್ರೆ ಆ ವರ್ಷ ಜುಲೈಲೇ ಈತನನ್ನ ಮಂಚೂರಿಯಾಗೆ ಕಳಿಸಿದ್ರು, ಟೋಕಿಯೊಗೆ ಬರೋಕೂ ಬಿಡ್ಲಿಲ್ಲ. ಪ್ರಧಾನಿ ತೋಜೋಗೂ ಈತನಿಗೂ ಮೊದಲಿಂದ ಆಗ್ತಿರ್ಲಿಲ್ಲ. ತೋಜೋ ಇಳಿದ್ಮೇಲೆ, ಯುದ್ಧ ಕೈ ತಪ್ಪಿ ಹೋಗ್ತಿದೆ ಅಂತ ಎಲ್ರಿಗೂ ಗೊತ್ತಾದ್ಮೇಲೆ, ಕರೆದು ಫಿಲಿಪ್ಪೀನ್ಸ್ ಕೊಟ್ರು.

1944ರ ಅಕ್ಟೋಬರ್ 9ಕ್ಕೆ ಅಲ್ಲಿನ ಜಪಾನಿ ಸೈನ್ಯ ಅಂದ್ರೆ 14ನೇ ಏರಿಯಾ ಆರ್ಮಿಯ ಕಮಾಂಡ್ ತಗೊಂಡ. ಅಕ್ಟೋಬರ್ 20ಕ್ಕೆ ಅಮೆರಿಕನ್ನರು ಲೇಟೆ ದ್ವೀಪದಲ್ಲಿ ಇಳಿದೇ ಬಿಟ್ರು. ನಡುವೆ ಸಿಕ್ಕಿದ್ದು ಹನ್ನೊಂದು ದಿನ. ಈತನ ಚೀಫ್ ಆಫ್ ಸ್ಟಾಫ್ ಮುತೊ ಅಕಿರ ಮನಿಲಾಗೆ ಬಂದಿಳಿದಿದ್ದು ಸರಿಯಾಗಿ ಅದೇ 20ನೇ ತಾರೀಕು, ಬಂದ ಕೂಡ್ಲೇ ಲೇಟೆ ವಿಷಯ ಹೇಳಿದ್ರೆ 'ಲೇಟೆ ಎಲ್ಲಿದೆ' ಅಂತ ಕೇಳಿದ್ನಂತೆ. ನಗು ಬರತ್ತೆ, ಆದ್ರೆ ಪರಿಸ್ಥಿತಿ ಹಾಗೇ ಇತ್ತು.

ಇಲ್ಲಿ ಕಮಾಂಡ್ ಯಾರ ಕೈಲಿತ್ತು ಅನ್ನೋದು ಸ್ವಲ್ಪ ತಾಳ್ಮೆಯಿಂದ ನೋಡ್ಬೇಕು, ಕೇಸಿನ ಜೀವ ಇರೋದೇ ಅಲ್ಲಿ. ಈತನ ಮೇಲೆ ದಕ್ಷಿಣ ಸೇನೆಯ ಫೀಲ್ಡ್ ಮಾರ್ಷಲ್ ತೆರಾವುಚಿ, ಅವನು ನವೆಂಬರ್‌ನಲ್ಲಿ ಸೈಗಾನ್‌ಗೆ ಹೊರಟು ಹೋದ. ವಿಮಾನದವ್ರು ಅಂದ್ರೆ ನಾಲ್ಕನೇ ಏರ್ ಆರ್ಮಿ ಈತನ ಕೆಳಗೆ ಬಂದಿದ್ದು 1945ರ ಜನವರಿ 1ಕ್ಕೆ. ನೌಕಾಪಡೆ ಅಂತೂ ಬೇರೆಯದೇ ಮನೆ, ನೆಲದ ಮೇಲಿನ ಯುದ್ಧಕ್ಕೆ ಮಾತ್ರ ಸೇನೆಯ ಮಾತು ಕೇಳ್ಬೇಕು, ಉಳಿದಿದ್ದಕ್ಕೆ ಅವರ ಅಡ್ಮಿರಲ್‌ಗಳೇ. ಉದಾಹರಣೆಗೆ ಪಲವಾನ್ ದ್ವೀಪ. 1944ರ ಡಿಸೆಂಬರ್ 14ಕ್ಕೆ ಅಲ್ಲಿ ಸುಮಾರು 150 ಅಮೆರಿಕನ್ ಕೈದಿಗಳನ್ನ ಬಾಂಬ್ ದಾಳಿಗೆ ಅಂತ ತೋಡಿದ್ದ ಕಂದಕದೊಳಗೆ ನುಗ್ಗಿಸಿ ಪೆಟ್ರೋಲ್ ಸುರಿದು ಸುಟ್ರು, ತಪ್ಪಿಸಿಕೊಂಡವರು 11 ಜನ. ಮಾಡಿದ್ದು ಏರ್ ಆರ್ಮಿಗೆ ಸೇರಿದ ತುಕಡಿ. ತಾರೀಕು ನೋಡಿ, ಅವ್ರು ಯಮಾಶಿತನ ಕೆಳಗೆ ಬರೋಕೆ ಇನ್ನೂ ಎರಡೂವರೆ ವಾರ ಇತ್ತು. ಆದ್ರೂ ಆರೋಪದ ಪಟ್ಟಿಲಿ ಪಲವಾನ್ ಇದೆ.

ಈಗ ಮನಿಲಾ. 1941ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್ ಊರು ಬಿಟ್ಟು ಹೋಗುವಾಗ ಅದನ್ನ ಮುಕ್ತ ನಗರ, ಅಂದ್ರೆ ಸೈನ್ಯ ಇಟ್ಟು ಕಾಯಲ್ಲ, ದಾಳಿ ಮಾಡ್ಬೇಡಿ ಅಂತ ಘೋಷಿಸಿ ಹೋಗಿದ್ದ. ಯಮಾಶಿತ ಹಾಗೆ ಘೋಷಿಸ್ಲಿಲ್ಲ, ಆದ್ರೆ ಅಲ್ಲಿ ಯುದ್ಧ ಮಾಡೋದು ಬೇಡ ಅಂತ ತೀರ್ಮಾನ ಮಾಡ್ದ. ಕಾರಣ ಏನು ಅಂತ ಆಮೇಲೆ ಕೋರ್ಟಲ್ಲೂ ಹೇಳ್ದ: ಹತ್ತು ಲಕ್ಷ ಜನಕ್ಕೆ ಊಟ ಹಾಕೋಕಾಗಲ್ಲ, ಕಟ್ಟಡಗಳು ಬೇಗ ಬೆಂಕಿ ಹತ್ಕೊಳ್ತವೆ, ನೆಲ ಸಪಾಟು, ಅದನ್ನ ಕಾಯೋಕೆ ತುಂಬಾ ಸೈನ್ಯ ಬೇಕು. ದಯೆ ದಾಕ್ಷಿಣ್ಯದ ಮಾತು ಒಂದೂ ಇಲ್ಲ, ಬರೀ ಲೆಕ್ಕ. ನನಗೆ ಅದು ನಿಜ ಅನ್ಸೋದೂ ಅದಕ್ಕೇ. ಸೈನ್ಯನ ಮೂರು ಭಾಗ ಮಾಡಿ, ದೊಡ್ಡ ಭಾಗ ಕಟ್ಕೊಂಡು ತಾನು ಉತ್ತರದ ಬೆಟ್ಟದ ಕಡೆ ಬಾಗಿಯೊಗೆ ಹೋದ. ಮನಿಲಾ ಪೂರ್ವದ ಬೆಟ್ಟದಲ್ಲಿದ್ದ ಶಿಂಬು ಗುಂಪಿನ ಜವಾಬ್ದಾರಿ, ಅದರ ಮುಖ್ಯಸ್ಥ ಯೊಕೊಯಾಮ.

ಊರೊಳಗೆ ಉಳಿದಿದ್ದು ರಿಯರ್ ಅಡ್ಮಿರಲ್ ಇವಾಬುಚಿ ಸಂಜಿ, ಜೊತೆಗೆ ಸುಮಾರು 16,000 ನೌಕಾಪಡೆಯವ್ರು, ಒಂದಷ್ಟು ಸಾವಿರ ಸೇನೆಯವ್ರು. ಈ ಇವಾಬುಚಿ 1942ರಲ್ಲಿ ಗ್ವಾಡಲ್‌ಕನಾಲ್ ಹತ್ರ ಮುಳುಗಿದ ಕಿರಿಶಿಮಾ ಯುದ್ಧನೌಕೆಯ ಕ್ಯಾಪ್ಟನ್ ಆಗಿದ್ದವನು. ಬಂದರಿನ ಸೌಲಭ್ಯ ಎಲ್ಲ ಹಾಳು ಮಾಡಿ ಆಮೇಲೆ ಹೊರಡಿ ಅನ್ನೋದು ನೌಕಾಪಡೆಯ ಆರ್ಡರ್, ಜಾಗ ಖಾಲಿ ಮಾಡಿ ಅನ್ನೋದು ಸೇನೆಯ ಆರ್ಡರ್. ಫೆಬ್ರವರಿ 3ಕ್ಕೆ ಅಮೆರಿಕನ್ನರು ಊರಿಗೆ ನುಗ್ಗಿದ್ರು. 9ನೇ ತಾರೀಕಿನ ಸುಮಾರಿಗೆ ಇವಾಬುಚಿ ಊರಾಚೆ ಮೆಕಿನ್ಲಿ ಕೋಟೆಗೆ ಹೋಗಿದ್ದ, ಅಲ್ಲಿಂದ ಹಾಗೇ ಪೂರ್ವಕ್ಕೆ ಹೋಗಿದ್ರೆ ಕಥೆನೇ ಬೇರೆ ಆಗ್ತಿತ್ತು, ಎರಡು ಮೂರು ದಿನದಲ್ಲಿ ವಾಪಸ್ ಊರೊಳಗೇ ಬಂದ, ಅಷ್ಟರಲ್ಲಿ ಅಮೆರಿಕನ್ನರ ಸುತ್ತುವರಿಕೆ ಮುಗಿದು ದಾರಿ ಮುಚ್ಚೋಯ್ತು. ಇವರಿನ್ನೂ ಊರಲ್ಲೇ ಇದ್ದಾರೆ ಅಂತ ಬೆಟ್ಟದಲ್ಲಿದ್ದ ಯಮಾಶಿತನಿಗೆ ಗೊತ್ತಾಗಿ ಯೊಕೊಯಾಮನಿಗೆ ಬೈದು, ಕೂಡ್ಲೇ ಹೊರಗೆ ಕರ್ಕೊಂಡು ಬನ್ನಿ ಅಂದಿದ್ದು ಫೆಬ್ರವರಿ ಮಧ್ಯದಲ್ಲಿ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಅದೇ ಆಯ್ತು.

ಮಾರ್ಚ್ 3ಕ್ಕೆ ಯುದ್ಧ ನಿಂತಾಗ ಸುಮಾರು ಒಂದು ಲಕ್ಷ ನಾಗರಿಕರು ಸತ್ತಿದ್ರು ಅಂತ ಅಂದಾಜು. ಅಮೆರಿಕನ್ ಫಿರಂಗಿಗೂ ತುಂಬಾ ಜನ ಸತ್ರು, ಅದನ್ನ ಬಿಡೋಹಾಗಿಲ್ಲ. ಆದ್ರೆ ಜಪಾನೀಯರು ಕೈಯಾರೆ ಮಾಡಿದ್ದು ಫಿರಂಗಿ ಗುಂಡು ಗುರಿ ತಪ್ಪಿ ಆಗಿದ್ದಲ್ಲ. ಡಿ ಲಾ ಸಾಲ್ ಕಾಲೇಜ್, ಸೇಂಟ್ ಪಾಲ್ಸ್ ಕಾಲೇಜ್, ಜರ್ಮನ್ ಕ್ಲಬ್, ರೆಡ್‌ಕ್ರಾಸ್ ಆಫೀಸ್, ಇಂಟ್ರಾಮುರೋಸ್ ಕೋಟೆಯೊಳಗಿನ ಚರ್ಚುಗಳು, ಇಲ್ಲೆಲ್ಲ ಜನರನ್ನ ಕೂಡಿ ಹಾಕಿ ಕೊಂದ್ರು, ಬೇವ್ಯೂ ಹೋಟೆಲ್ಲಿಗೆ ಹೆಣ್ಣುಮಕ್ಕಳನ್ನ ಹಿಡ್ಕೊಂಡು ಹೋದ್ರು. ಮನಿಲಾದಾಚೆ ಬತಂಗಾಸ್ ಪ್ರಾಂತ್ಯದಲ್ಲಿ ಹಳ್ಳಿ ಹಳ್ಳಿನೇ ಮುಗಿಸಿದ್ರು, ಅದು ಮಾಡಿದ್ದು ನೌಕಾಪಡೆ ಅಲ್ಲ, ಸೇನೆಯ ಕರ್ನಲ್ ಫುಜಿಶಿಗೆಯ ಜನ. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ 'ಎಲ್ಲಾ ನೌಕಾಪಡೆಯವ್ರು ಮಾಡಿದ್ದು' ಅನ್ನೋ ವಾದ ಬತಂಗಾಸ್‌ಗೆ ಬಂದಾಗ ನಿಲ್ಲಲ್ಲ.

ಇವಾಬುಚಿ ಫೆಬ್ರವರಿ ಕೊನೇಲೇ ಸತ್ತ. ಯಮಾಶಿತ 1945ರ ಸೆಪ್ಟೆಂಬರ್ 2ಕ್ಕೆ ಬೆಟ್ಟದಿಂದ ಇಳಿದು ಬಂದ, ಮಾರನೇ ದಿನ ಬಾಗಿಯೊದ ಕ್ಯಾಂಪ್ ಜಾನ್ ಹೇನಲ್ಲಿ ಶರಣಾಗತಿಗೆ ಸೈನ್ ಹಾಕ್ದ. ಆ ರೂಮಲ್ಲಿ ಯಾರಿದ್ರು ಗೊತ್ತಾ, ಪರ್ಸಿವಲ್. ಬೇಕಂತಲೇ ಕರೆಸಿದ್ರು.

ಸರಿ, ಈಗ ಸಮಸ್ಯೆಗೆ ಬರೋಣ. ಕೊಲೆಗಳು ಆಗಿವೆ, ಸಾವಿರಾರು ಸಾಕ್ಷಿಗಳಿದ್ದಾರೆ, ಮಾಡಿದವರಲ್ಲಿ ತುಂಬಾ ಜನ ಸತ್ತಿದ್ದಾರೆ. ಮೇಲಿನವನು ಬದುಕಿದ್ದಾನೆ, ಆದ್ರೆ 'ಕೊಲ್ಲಿ' ಅಂತ ಈತ ಬರೆದ ಒಂದು ಚೀಟಿನೂ ಕೈಲಿಲ್ಲ. ಏನಂತ ಕೇಸ್ ಹಾಕ್ತೀರಿ?

ಪ್ರಾಸಿಕ್ಯೂಷನ್ನಿನವ್ರು ತಗೊಂಡ ತೀರ್ಮಾನನೇ ಇಡೀ ಪ್ರಕರಣದ ಮೊದಲ ತಿರುವು. ಸೆಪ್ಟೆಂಬರ್ 25ಕ್ಕೆ ಕೊಟ್ಟ ಆರೋಪಪಟ್ಟಿಲಿ ಇದ್ದಿದ್ದು ಒಂದೇ ಆರೋಪ. ಕಮಾಂಡರ್ ಆಗಿ ತನ್ನ ಕೈಕೆಳಗಿನವರನ್ನ ಹತೋಟಿಲಿಡೋ ಕರ್ತವ್ಯವನ್ನ ಈತ ಕಾನೂನಿಗೆ ವಿರುದ್ಧವಾಗಿ ಕಡೆಗಣಿಸ್ದ, ಅವರು ಕ್ರೌರ್ಯ ದೌರ್ಜನ್ಯ ಮಾಡೋಕೆ ಬಿಟ್ಟ, ಅಂತ. 'ಆರ್ಡರ್ ಕೊಟ್ಟ' ಅಂತಿಲ್ಲ. 'ಗೊತ್ತಿತ್ತು' ಅಂತಲೂ ಇಲ್ಲ. ಆ 'ಗೊತ್ತಿತ್ತು' ಅನ್ನೋ ಪದ ಇಲ್ಲದೇ ಇದ್ದಿದ್ದೇ ಮುಂದೆ ಎಪ್ಪತ್ತು ಎಂಬತ್ತು ವರ್ಷ ಜನ ಜಗಳ ಆಡೋಕೆ ಕಾರಣ ಆಗಿದ್ದು. ಪ್ರಾಸಿಕ್ಯೂಟರ್ ಜಾಗದಲ್ಲಿ ನಿಂತು ನೋಡಿದ್ರೆ ಅರ್ಥ ಆಗತ್ತೆ, ಗೊತ್ತಿತ್ತು ಅಂತ ಬರೆದ್ರೆ ಅದನ್ನ ಸಾಬೀತು ಮಾಡ್ಬೇಕು, ಬರೀದೇ ಇದ್ರೆ ಮಾಡ್ಬೇಕಾಗಿಲ್ಲ.

ಎರಡನೇ ವಿಷಯ ಕೋರ್ಟ್. ಅದು ಮಿಲಿಟರಿ ಕಮಿಷನ್, ಐದು ಜನ ಅಮೆರಿಕನ್ ಜನರಲ್‌ಗಳು, ಅಧ್ಯಕ್ಷ ಮೇಜರ್ ಜನರಲ್ ರೆನಾಲ್ಡ್ಸ್. ಐವರಲ್ಲಿ ಒಬ್ರೂ ವಕೀಲರಲ್ಲ. ನಿಯಮ ಬರೆದಿದ್ದು ಮ್ಯಾಕ್‌ಆರ್ಥರ್ ಹೆಡ್‌ಕ್ವಾರ್ಟರ್ಸ್, ಕಮಿಷನ್ ನೇಮಿಸಿದ್ದು ಅವನ ಕೈಕೆಳಗಿನ ಜನರಲ್, ಶಿಕ್ಷೆಗೆ ಕೊನೇ ಮುದ್ರೆ ಒತ್ತೋದೂ ಮ್ಯಾಕ್‌ಆರ್ಥರೇ. ಅವನಿಗೆ ಮನಿಲಾ ಅಂದ್ರೆ ಬರೀ ನಕ್ಷೆ ಮೇಲಿನ ಊರಲ್ಲ, ಯುದ್ಧಕ್ಕೆ ಮುಂಚೆ ಅಲ್ಲಿನ ಮನಿಲಾ ಹೋಟೆಲ್ಲಿನ ಮೇಲಿನ ಅಂತಸ್ತಲ್ಲೇ ಸಂಸಾರ ಮಾಡ್ಕೊಂಡಿದ್ದ, ಆ ಮನೆ ಈ ಯುದ್ಧದಲ್ಲೇ ಸುಟ್ಟೋಯ್ತು. ಕೆಳಗಿನವರ ತಪ್ಪಿಗೆ ಮೇಲಿನವನೇ ಹೊಣೆ ಅಂತ ತೀರ್ಮಾನ ಮಾಡ್ಬೇಕಾದ ಐವರೂ ತಮ್ಮ ಮೇಲಿನವನ ಮುಖ ನೋಡ್ಕೊಂಡು ಕೂತಿದ್ರು ಅನ್ನೋದು ವಿಚಿತ್ರ, ಆದ್ರೆ ನಿಜ. ಪುರಾವೆ ವಿಷಯದಲ್ಲೂ ಬಾಗಿಲು ಹಾರು ಹೊಡೆದಿತ್ತು, ಯಾರೋ ಹೇಳಿದ್ರು ಅಂತ ಇನ್ಯಾರೋ ಹೇಳಿದ್ದು, ಕೋರ್ಟಿಗೆ ಬರದೇ ಇರೋರ ಅಫಿಡವಿಟ್, ಎಲ್ಲಾ ನಡೀತಿತ್ತು.

ಡಿಫೆನ್ಸ್‌ಗೆ ಆರು ಜನ ಅಮೆರಿಕನ್ ಸೇನಾ ವಕೀಲರನ್ನ ಕೊಟ್ರು. ಇವರಿಗೆ ಈ ಕೆಲಸ ಬೇಕಾಗಿರ್ಲಿಲ್ಲ, ಆದ್ರೆ ತಗೊಂಡ್ಮೇಲೆ ಮಾಡಿದ ರೀತಿ ನೋಡಿದ್ರೆ ಕೈ ಮುಗೀಬೇಕು. ಅಕ್ಟೋಬರ್ 8ಕ್ಕೆ ಅವರ ಕೈಗೆ 64 ಘಟನೆಗಳ ಪಟ್ಟಿ ಬಂತು, ವಿಚಾರಣೆ 29ಕ್ಕೆ. ಮೂರು ವಾರ ರಾತ್ರಿ ಹಗಲು ಕೂತು ತಯಾರಿ ಮಾಡ್ಕೊಂಡು ಬಂದ್ರೆ ವಿಚಾರಣೆ ಹೊತ್ತಿಗೆ ಇನ್ನೂ 59 ಘಟನೆ ಸೇರಿಸಿ ಒಟ್ಟು 123 ಮಾಡಿದ್ರು. ಟೈಮ್ ಕೊಡಿ ಅಂತ ಕೇಳಿದ್ರೆ ಇಲ್ಲ ಅಂದ್ರು. ನೀವೇ ಯೋಚ್ನೆ ಮಾಡಿ, ಪರೀಕ್ಷೆ ಹಾಲ್‌ನಲ್ಲಿ ಕೂತ್ಮೇಲೆ ಸಿಲಬಸ್ ಡಬಲ್ ಆಯ್ತು ಅಂದ್ರೆ ಹೇಗಿರತ್ತೆ.

ವಿಚಾರಣೆ ನಡೆದಿದ್ದು ಮನಿಲಾದ ಹೈಕಮಿಷನರ್ ಬಂಗಲೆಲಿ, ಅದೂ ಯುದ್ಧದಲ್ಲಿ ಏಟು ತಿಂದಿದ್ದೇ. ಸಿನಿಮಾ ಕ್ಯಾಮೆರಾಗೆ ಅಂತ ದೊಡ್ಡ ದೊಡ್ಡ ಲೈಟ್, ಲೌಡ್‌ಸ್ಪೀಕರ್, ಮನೆಯವರನ್ನ ಕಳ್ಕೊಂಡ ಮನಿಲಾದ ಜನ ಕುರ್ಚಿ ತುಂಬಾ. ಒಟ್ಟು 286 ಸಾಕ್ಷಿಗಳು, 423 ದಾಖಲೆಗಳು. ಹನ್ನೊಂದು ವರ್ಷದ ಒಂದು ಹುಡುಗಿ ಬಂದಿದ್ಳು, ಅಪ್ಪ ಅಮ್ಮ ಇಬ್ರನ್ನೂ ಇಂಟ್ರಾಮುರೋಸ್‌ನಲ್ಲಿ ಕಳ್ಕೊಂಡವಳು, ಮೈ ಮೇಲೆ ಬಯೊನೆಟ್ ಚುಚ್ಚಿದ ಗಾಯದ ಗುರುತು ಮೂವತ್ತೆಂಟು. ತೋರಿಸು ಅಂದ್ರು, ಒಂದೊಂದಾಗಿ ತೋರಿಸಿದ್ಳು. ಅದಾದ್ಮೇಲೆ ಡಿಫೆನ್ಸಿನವ್ರು ಏನು ಕೇಳಕ್ಕಾಗತ್ತೆ? ಆದ್ರೆ ಸೂಕ್ಷ್ಮ ಇಲ್ಲೇ ಇರೋದು, ಆ ಹುಡುಗಿ ಹೇಳಿದ್ದು ಸುಳ್ಳು ಅಂತ ಡಿಫೆನ್ಸ್ ಒಂದು ದಿನಾನೂ ಅನ್ಲಿಲ್ಲ. ಕೊಲೆಗಳು ನಡೆದಿದ್ದು ನಿಜ ಅಂತ ಎರಡೂ ಕಡೆಯವ್ರೂ ಒಪ್ಪಿದ್ರು. ಅಂದ್ರೆ ಸಾಕ್ಷಿಗಳಲ್ಲಿ ಬಹುಪಾಲು ಜನ ಬಂದು ಸಾಬೀತು ಮಾಡಿದ್ದು ಯಾರೂ ಅಲ್ಲಗಳೆಯದೇ ಇದ್ದ ವಿಷಯನ. ಅಲ್ಲಗಳೆದಿದ್ದು ಒಂದೇ, ಬೆಟ್ಟದ ಮೇಲಿದ್ದವನಿಗೂ ಇದಕ್ಕೂ ಏನು ಕೊಂಡಿ ಅಂತ.

ಆ ಕೊಂಡಿ ತೋರಿಸೋಕೆ ಪ್ರಾಸಿಕ್ಯೂಷನ್ ತಂದಿದ್ದು ಇಬ್ಬರನ್ನ. ಯಮಾಶಿತ ಫಿಲಿಪ್ಪೀನಿನವರನ್ನೆಲ್ಲ ಮುಗಿಸೋಕೆ ಹೇಳಿದ್ದ ಅಂತ ಇಬ್ರೂ ಹೇಳಿದ್ರು. ಇಬ್ಬರದ್ದೂ ಕೊನೆಗೆ ನಿಲ್ಲೋದು ಜಪಾನ್ ಕಡೆ ಸೇರಿದ್ದ ಹಳೇ ಫಿಲಿಪ್ಪೀನ್ ಜನರಲ್ ರಿಕಾರ್ತೆ ಹೆಸರಿನ ಮೇಲೆ, ಅವನು ಅಷ್ಟೊತ್ತಿಗೆ ಸತ್ತಿದ್ದ. ಒಬ್ಬ ಹೇಳಿದ್ದು, ಯಮಾಶಿತ ರಿಕಾರ್ತೆಗೆ ಹೇಳುವಾಗ ನಾನೇ ಕೇಳಿಸ್ಕೊಂಡೆ, ರಿಕಾರ್ತೆಯ ಮೊಮ್ಮಗ ಜಪಾನಿ ಭಾಷೆಯಿಂದ ತರ್ಜುಮೆ ಮಾಡ್ತಿದ್ದ, ಅಂತ. ಡಿಫೆನ್ಸಿನವ್ರು ಸೀದಾ ಹೋಗಿ ಆ ಮೊಮ್ಮಗನನ್ನೇ ಹುಡುಕಿ ಕೋರ್ಟಿಗೆ ಕರ್ಕೊಂಡು ಬಂದ್ರು, ಚಿಕ್ಕ ಹುಡುಗ, ಅಂಥ ಮಾತುಕತೆ ನಾನು ತರ್ಜುಮೆ ಮಾಡೇ ಇಲ್ಲ ಅಂದ. ಅಲ್ಲಿಗೆ 'ಆರ್ಡರ್ ಕೊಟ್ಟ' ಅನ್ನೋ ದಾರಿ ಹೆಚ್ಚು ಕಮ್ಮಿ ಮುಚ್ಚಿತು. ಸಾಧಾರಣ ಕೋರ್ಟಾಗಿದ್ರೆ ಕೇಸ್ ತಿರುಗೋ ಜಾಗ ಅದು.

ಯಮಾಶಿತ ಸ್ವತಃ ಸಾಕ್ಷಿ ಕಟ್ಟೆ ಹತ್ತಿದ, ದಿನಗಟ್ಟಲೆ ಉತ್ತರ ಕೊಟ್ಟ. ಹೇಳಿದ್ದರ ಸಾರಾಂಶ ಇಷ್ಟು: ನಾನು ಬಂದಾಗ ಯಾರು ಎಂಥವ್ರು ಅಂತ ಗೊತ್ತಿರ್ಲಿಲ್ಲ, ಅಮೆರಿಕನ್ನರ ದಾಳಿ ಒಂದು ದಿನ ಬಿಡದೆ ನಡೀತಿತ್ತು, ಸಂಪರ್ಕ ಕಡಿದು ಹೋಗಿತ್ತು, ಇಂಥದ್ದು ನಡೀತಿದೆ ಅಂತ ನನಗೆ ವರದಿ ಬರ್ಲಿಲ್ಲ, ನನ್ನ ಕೈಲಾದಷ್ಟು ಮಾಡಿದೆ. ನಂಬೋಹಾಗೇ ಇದೆ. ಆದ್ರೆ ಪ್ರಾಸಿಕ್ಯೂಟರ್ ಕೆರ್ ಒತ್ತಿ ಕೇಳಿದಾಗ ಒಂದು ಕಡೆ ಈತನ ಉತ್ತರ ತೆಳ್ಳಗಾಗತ್ತೆ. ಡಿಸೆಂಬರ್ ಕೊನೆವರೆಗೂ ಈತನ ಹೆಡ್‌ಕ್ವಾರ್ಟರ್ಸ್ ಇದ್ದಿದ್ದು ಮನಿಲಾ ಪಕ್ಕದ ಮೆಕಿನ್ಲಿ ಕೋಟೆಲಿ. ಊರೊಳಗೆ ಸಾಂತೊ ತೋಮಾಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಿದೇಶಿ ನಾಗರಿಕರನ್ನ ಕೂಡಿಟ್ಟಿದ್ರು, ಹೊಟ್ಟೆಗಿಲ್ದೆ ಸಾಯ್ತಿದ್ರು. ಎರಡೂವರೆ ತಿಂಗಳಲ್ಲಿ ಈತ ಒಂದು ಸಲನೂ ಅಲ್ಲಿಗೆ ಹೋಗಿ ನೋಡಿಲ್ಲ. ಫೋನ್ ಲೈನ್ ಕಡಿದಿತ್ತು, ರೇಡಿಯೋ ಕೆಟ್ಟಿತ್ತು ಅನ್ನೋದೆಲ್ಲ ಬಾಗಿಯೊಗೆ ಹೋದ್ಮೇಲಿನ ಮಾತು, ಇದು ಅದಕ್ಕೂ ಮುಂಚಿನದು. ನನ್ನ ಮಟ್ಟಿಗೆ ಈತನ ವಿರುದ್ಧದ ಗಟ್ಟಿ ಪಾಯಿಂಟ್ ಅಂದ್ರೆ ಇದೇ, ಮನಿಲಾ ಹತ್ಯಾಕಾಂಡ ಅಲ್ಲ. ಗೆರಿಲ್ಲಾಗಳನ್ನ ಸದೆಬಡಿಯಿರಿ ಅಂತ ಆರ್ಡರ್ ಹೋಗಿದ್ದನ್ನ ಈತನೂ ಇಲ್ಲ ಅನ್ಲಿಲ್ಲ, ಆ ಆರ್ಡರ್ ಕೆಳಗೆ ಇಳೀತಾ ಇಳೀತಾ ಬತಂಗಾಸ್ ಮುಟ್ಟೋ ಹೊತ್ತಿಗೆ ಗೆರಿಲ್ಲಾ ಯಾರು ಹಳ್ಳಿಯವ್ರು ಯಾರು ಅನ್ನೋ ಗೆರೆನೇ ಅಳಿಸಿ ಹೋಗಿತ್ತು. ಅದನ್ನ ತಡೆಯೋಕೆ ಏನು ಮಾಡ್ದೆ ಅಂತ ಕೇಳೋ ಹಕ್ಕು ಕೋರ್ಟಿಗೆ ಖಂಡಿತ ಇತ್ತು. ಈ ಎರಡನ್ನೇ ಇಟ್ಕೊಂಡು, ಟೈಮ್ ಕೊಟ್ಟು, ಸರಿಯಾಗಿ ವಿಚಾರಣೆ ಮಾಡಿದ್ರೆ ಶಿಕ್ಷೆ ಆಗ್ತಿತ್ತೇನೋ, ಆಗ ಯಾರೂ ಬಾಯಿ ಬಿಡೋಕಾಗ್ತಿರ್ಲಿಲ್ಲ. 123 ಘಟನೆ ರಾಶಿ ಹಾಕಿ ಎಲ್ಲದಕ್ಕೂ ಸೇರಿಸಿ ಒಂದೇ ತೀರ್ಪು ಕೊಟ್ರು, ಯಾವುದಕ್ಕೆ ಈತ ಎಷ್ಟು ಹೊಣೆ ಅಂತ ಬಿಡಿಸಿ ಹೇಳ್ಲೇ ಇಲ್ಲ.

ತೀರ್ಪು ಬಂದಿದ್ದು ಡಿಸೆಂಬರ್ 7ಕ್ಕೆ, ಪರ್ಲ್ ಹಾರ್ಬರ್ ದಾಳಿ ಆಗಿ ಸರಿಯಾಗಿ ನಾಲ್ಕು ವರ್ಷ. ಆ ತಾರೀಕು ಸುಮ್ನೆ ಬಂತು ಅಂತ ನಂಬೋದು ಕಷ್ಟ. ಕಮಿಷನ್ ಹೇಳಿದ್ದು, ದೌರ್ಜನ್ಯಗಳು ಅಲ್ಲೊಂದು ಇಲ್ಲೊಂದು ನಡೆದಿದ್ದಲ್ಲ, ತುಂಬಾ ಕಡೆ ಅಧಿಕಾರಿಗಳೇ ನಿಂತು ಮಾಡಿಸಿದ್ದು, ಪರಿಸ್ಥಿತಿಗೆ ತಕ್ಕ ಹತೋಟಿ ಈತ ಇಟ್ಟಿರ್ಲಿಲ್ಲ, ನೇಣು. ವಿಚಾರಣೆ ಉದ್ದಕ್ಕೂ ಕೂತಿದ್ದ ಹನ್ನೆರಡು ಪತ್ರಕರ್ತರ ಅಭಿಪ್ರಾಯ ಕೇಳಿದಾಗ ಹನ್ನೆರಡೂ ಜನ ಯಮಾಶಿತನ ಕಡೆಗೇ ಹೇಳಿದ್ರು ಅಂತ ಆಗಿನ ವರದಿ.

ಡಿಫೆನ್ಸಿನವ್ರು ಬಿಡ್ಲಿಲ್ಲ. ಸೇನೆಯ ಸಂಬಳ ತಿನ್ನೋ ವಕೀಲರು ಸೇನೆ ವಿರುದ್ಧವೇ ಫಿಲಿಪ್ಪೀನ್ಸ್ ಸುಪ್ರೀಂ ಕೋರ್ಟಿಗೆ, ಅಲ್ಲಿ ಆಗದೇ ವಾಷಿಂಗ್ಟನ್ನಿಗೆ ಹೋದ್ರು. 1946ರ ಫೆಬ್ರವರಿ 4ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 6-2ರಲ್ಲಿ ಅರ್ಜಿ ತಳ್ಳಿ ಹಾಕ್ತು. ಮುಖ್ಯ ನ್ಯಾಯಮೂರ್ತಿ ಸ್ಟೋನ್ ಹೇಳಿದ್ದು, ಈತ ತಪ್ಪಿತಸ್ಥನೋ ಅಲ್ವೋ ನಾವು ನೋಡಲ್ಲ, ಕಮಿಷನ್‌ಗೆ ಅಧಿಕಾರ ಇತ್ತಾ ಅಂತಷ್ಟೇ ನೋಡ್ತೀವಿ, ಇತ್ತು, ಮತ್ತೆ ತನ್ನ ಸೈನಿಕರನ್ನ ಹತೋಟಿಲಿಡೋಕೆ ಕೈಲಾದ ಕ್ರಮ ತಗೊಳ್ಳೋದು ಕಮಾಂಡರ್‌ನ ಕರ್ತವ್ಯನೇ. ಭಿನ್ನಮತ ಬರೆದಿದ್ದು ಮರ್ಫಿ ಮತ್ತೆ ರಟ್ಲೆಜ್. ರಟ್ಲೆಜ್ ಹಿಡ್ಕೊಂಡಿದ್ದು ವಿಚಾರಣೆ ನಡೆಸಿದ ರೀತಿನ, ಶತ್ರುವಾದ್ರೂ ಇಂಥ ಪುರಾವೆ ಮೇಲೆ ಇಷ್ಟು ಅವಸರದಲ್ಲಿ ನೇಣಿಗೆ ಹಾಕೋಹಾಗಿಲ್ಲ ಅಂತ. ಮರ್ಫಿ ಹಿಡ್ಕೊಂಡಿದ್ದು ಆರೋಪವನ್ನೇ. ಈತನ ಸಂಪರ್ಕ ಕಡಿಯೋಕೆ, ಸೈನ್ಯ ಚೆಲ್ಲಾಪಿಲ್ಲಿ ಮಾಡೋಕೆ ನಾವೇ ಜೀವ ಪಣಕ್ಕಿಟ್ಟು ಹೋರಾಡಿದ್ವಿ, ಗೆದ್ವಿ, ಈಗ ಯಾಕಪ್ಪಾ ನಿನ್ನ ಸೈನ್ಯ ಹತೋಟಿಲಿರ್ಲಿಲ್ಲ ಅಂತ ನಾವೇ ಕೇಳ್ತಿದ್ದೀವಿ ಅನ್ನೋ ಧಾಟಿಲಿ ಬರೆದ. ಅದಕ್ಕೆ ಉತ್ತರ ಕೊಡೋದು ಕಷ್ಟ.

ಫೆಬ್ರವರಿ 7ಕ್ಕೆ ಮ್ಯಾಕ್‌ಆರ್ಥರ್ ಶಿಕ್ಷೆ ಖಾಯಂ ಮಾಡ್ದ, ಜೊತೆಗೆ ಯೂನಿಫಾರ್ಮ್, ಪದಕ ಎಲ್ಲ ತೆಗೆಸಿ ಅಂತಲೂ ಹೇಳ್ದ. 23ನೇ ತಾರೀಕು ಬೆಳಗಿನ ಜಾವ ಮನಿಲಾ ದಕ್ಷಿಣಕ್ಕಿರೋ ಲಾಸ್ ಬಾನ್ಯೋಸ್‌ನಲ್ಲಿ ನೇಣು ಹಾಕಿದ್ರು.

ಈ ಪ್ರಕರಣದಲ್ಲಿ ನನಗೆ ತುಂಬಾ ಕಾಡೋದು ಅದರಲ್ಲಿ ಇಲ್ಲದೇ ಇರೋ ವಿಷಯ. 1942ರಲ್ಲಿ ಸಿಂಗಾಪುರ ಹಿಡಿದ ಮೇಲೆ ಅಲ್ಲಿನ ಚೀನೀ ಗಂಡಸರನ್ನ ಆರಿಸಿ ಆರಿಸಿ ಸಮುದ್ರ ದಂಡೆಗೆ ಕರ್ಕೊಂಡು ಹೋಗಿ ಸಾವಿರಗಟ್ಟಲೆ ಕೊಂದ್ರಲ್ಲ, ಆಗ ಅಲ್ಲಿನ ಸೈನ್ಯದ ಮುಖ್ಯಸ್ಥ ಇದೇ ಯಮಾಶಿತ. ಅಲ್ಲಿ ಫೋನ್ ಲೈನ್ ಕಡಿದಿರ್ಲಿಲ್ಲ, ಸೋತು ಓಡ್ತಿರ್ಲಿಲ್ಲ, ಗೆದ್ದು ಕೂತಿದ್ದ. ಆರ್ಡರ್ ಈತನ ಹೆಡ್‌ಕ್ವಾರ್ಟರ್ಸಿಂದಲೇ ಇಳೀತು ಅಂತ 1947ರಲ್ಲಿ ಸಿಂಗಾಪುರದಲ್ಲಿ ಕೆಳಗಿನ ಅಧಿಕಾರಿಗಳ ವಿಚಾರಣೆ ನಡೆದಾಗ ಹೇಳಿಕೆ ಬಂತು, ಅಷ್ಟೊತ್ತಿಗೆ ಕೇಳೋಕೆ ಈತ ಇರ್ಲಿಲ್ಲ, ಸತ್ತು ಒಂದು ವರ್ಷ ಆಗಿತ್ತು. 1944ರ ಅಕ್ಟೋಬರ್ 9ಕ್ಕೆ ಮುಂಚಿನದ್ದು ಯಾವುದೂ ಮನಿಲಾ ಆರೋಪದಲ್ಲಿ ಇಲ್ಲ. ಆರ್ಡರ್ರಿಗೆ ಹತ್ತಿರದ ಕೇಸಲ್ಲಿ ಈತನನ್ನ ಯಾರೂ ಕೇಳ್ಲಿಲ್ಲ, ದೂರದ ಕೇಸಲ್ಲಿ ನೇಣಾಯ್ತು, ಎರಡೇ ಎರಡು ತಿಂಗಳ ಅವಸರಕ್ಕೆ.

ಮುಂದೆ ಇದೇ ಪ್ರಶ್ನೆ ಬೇರೆ ಬೇರೆ ಕೋರ್ಟಲ್ಲಿ ಬಂದಾಗೆಲ್ಲ 'ಗೊತ್ತಿತ್ತು' ಅನ್ನೋ ಪದವನ್ನ ಹುಡುಕಿ ವಾಪಸ್ ಇಡ್ತಾ ಹೋದ್ರು. 1971ರಲ್ಲಿ ವಿಯೆಟ್ನಾಮಿನ ಮಿ ಲಾಯ್‌ನಲ್ಲಿ ಅಮೆರಿಕನ್ ಸೈನಿಕರು ಹಳ್ಳಿ ಜನರನ್ನ ಕೊಂದ ಕೇಸಲ್ಲಿ ಅವರ ಕ್ಯಾಪ್ಟನ್ ಮೆಡಿನಾಗೆ ನಿಜವಾಗ್ಲೂ ಗೊತ್ತಿತ್ತಾ ಅಂತ ನೋಡಿ ಅಂತ ಜ್ಯೂರಿಗೆ ಹೇಳಿದ್ರು, ಅವನು ಬಿಡುಗಡೆ ಆದ. ಅಮೆರಿಕದ ಜನರಲ್‌ಗಳು ಜಪಾನಿ ಜನರಲ್‌ಗೆ ಹಾಕಿದ ಅಳತೆಗೋಲು ತಮ್ಮ ಕ್ಯಾಪ್ಟನ್‌ಗೆ ಬರೋ ಹೊತ್ತಿಗೆ ಬದಲಾಗಿತ್ತು ಅಂತ ಆಗಲೇ ಜನ ಆಡ್ಕೊಂಡ್ರು. ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಹುಟ್ಟಿಹಾಕಿದ 1998ರ ರೋಮ್ ಒಪ್ಪಂದದ 28ನೇ ವಿಧಿಲಿ ಸೇನಾ ಕಮಾಂಡರ್‌ಗೆ ಗೊತ್ತಿತ್ತು, ಇಲ್ಲಾ ಆ ಪರಿಸ್ಥಿತಿಲಿ ಗೊತ್ತಿರಬೇಕಾಗಿತ್ತು ಅಂತ ಬರೆದ್ರು. ಕಾಂಗೊದ ಬಂಡುಕೋರ ಸೈನ್ಯದ ಮುಖ್ಯಸ್ಥ ಆಗಿದ್ದ ಬೆಂಬಾ ಇದೇ ವಿಧಿ ಕೆಳಗೆ 2016ರಲ್ಲಿ ತಪ್ಪಿತಸ್ಥ ಆಗಿ 18 ವರ್ಷ ಶಿಕ್ಷೆ ತಗೊಂಡ, 2018ರಲ್ಲಿ ಅಪೀಲಲ್ಲಿ 3-2ರಲ್ಲಿ ಬಿಡುಗಡೆ ಆಯ್ತು, ಬೇರೆ ದೇಶದಲ್ಲಿರೋ ಸೈನ್ಯವನ್ನ ದೂರದಿಂದ ಹತೋಟಿಲಿಡೋಕೆ ಅವನಿಗಿದ್ದ ಅಡ್ಡಿಗಳನ್ನ ಕೆಳಗಿನ ಕೋರ್ಟ್ ಸರಿಯಾಗಿ ತೂಗಿ ನೋಡಿಲ್ಲ ಅಂತ. ಬೆಟ್ಟದ ಮೇಲೆ ಕೂತಿದ್ದವನ ವಾದ ಎಪ್ಪತ್ತೆರಡು ವರ್ಷ ಆದ್ಮೇಲೆ ಇನ್ಯಾರಿಗೋ ಕೆಲಸಕ್ಕೆ ಬಂತು.

ಇನ್ನೊಂದು ಕೇಸಿದೆ, ಯಾಕೋ ಇದರ ಜೊತೆ ಅದನ್ನ ಯಾರೂ ಹೆಚ್ಚು ಓದಲ್ಲ. ಜಪಾನಿನ ಕಂಬೈನ್ಡ್ ಫ್ಲೀಟ್ ಮುಖ್ಯಸ್ಥ ಆಗಿದ್ದ ಅಡ್ಮಿರಲ್ ತೊಯೊದ ಸೊಯೆಮು, ಮನಿಲಾದಲ್ಲಿ ಕೊಂದ ಇವಾಬುಚಿಯ ಜನ ಇದ್ರಲ್ಲ, ಆ ನೌಕಾಪಡೆಯ ಮೇಲಿನವನು. ಅವನ ವಿಚಾರಣೆ ಟೋಕಿಯೊದಲ್ಲಿ ಶುರುವಾಗಿದ್ದು 1948ರಲ್ಲಿ, ಮನಿಲಾದ ವಿಷಯ ಅವನ ಮೇಲಿನ ಆರೋಪದಲ್ಲೂ ಇತ್ತು, ತಿಂಗಳುಗಟ್ಟಲೆ ಕೂತು ಯಾರು ಯಾರ ಕೆಳಗಿದ್ರು, ಯಾರಿಗೆ ಯಾವಾಗ ಏನು ಗೊತ್ತಾಯ್ತು ಅಂತ ಎಳೆ ಎಳೆಯಾಗಿ ಬಿಡಿಸಿ ನೋಡಿದ್ರು. 1949ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ತೊಯೊದ ಮನೆಗೆ ಹೋದ.